ಉಸಿರನ್ನು ತಿದ್ದದೆ ಗಮನಿಸುವುದು ಹೇಗೆ?

ಧ್ಯಾನಕ್ಕೆಂದು ಕುಳಿತ ಕೂಡಲೇ ನಮ್ಮಲ್ಲಿ ಹಲವರು ಉಸಿರನ್ನು ಎಳೆದು, ಹಿಡಿದು, ನಿಧಾನವಾಗಿ ಬಿಡಲು ತೊಡಗುತ್ತಾರೆ. ಅದು ಪ್ರಾಣಾಯಾಮ. ಬುದ್ಧ ಕಲಿಸಿದ ಆನಾಪಾನಸತಿಯ, ಅಂದರೆ ಒಳಬಂದು ಹೊರಹೋಗುವ ಉಸಿರನ್ನು ಗಮನಿಸುವ ಧ್ಯಾನದ, ಆರಂಭದಲ್ಲಿ ಉಸಿರನ್ನು ಆಳುವ ಕೆಲಸವಿಲ್ಲ. ಪಾಲಿ ಭಾಷೆಯ ಬೌದ್ಧ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 118ನೆಯ ಸುತ್ತವು (ಉಪದೇಶವು) ಈ ಅಭ್ಯಾಸವನ್ನು 16 ಹಂತಗಳಲ್ಲಿ ವಿವರಿಸುತ್ತದೆ. ಉಸಿರು ನೀಳವಾಗಿದ್ದರೆ ನೀಳವೆಂದೂ ಗಿಡ್ಡವಾಗಿದ್ದರೆ ಗಿಡ್ಡವೆಂದೂ ತಿಳಿಯಬೇಕೆಂಬುದು ಮೊದಲೆರಡು ಹಂತಗಳ ಸಾರ. ಹೊಸಬರಿಗೆ ಹಲವು ತಿಂಗಳು ಇಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ.

ಬೆಳಿಗ್ಗೆ ತಿಂಡಿಗೆ ಮುಂಚೆ, ಮಡಿಸಿದ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನನ್ನು ಬಿಗಿಯದೆ ನೆಟ್ಟಗಿರಿಸಿ ಕುಳಿತುಕೊಳ್ಳಿ. ಮಂಡಿನೋವಿರುವವರು ಕುರ್ಚಿಯಲ್ಲಿ ಕುಳಿತರೂ ಅಭ್ಯಾಸಕ್ಕೆ ಕೊರತೆಯಿಲ್ಲ. ಕಣ್ಣು ಮುಚ್ಚಿ, ಮೂಗಿನ ಹೊಳ್ಳೆಗಳ ಅಂಚು ಮತ್ತು ಮೇಲ್ದುಟಿಯ ನಡುವಿನ ಪುಟ್ಟ ಜಾಗದಲ್ಲಿ ಗಮನವನ್ನು ನಿಲ್ಲಿಸಿ. ಒಳಬರುವ ಗಾಳಿ ಅಲ್ಲಿ ತುಸು ತಣ್ಣಗೆ, ಹೊರಹೋಗುವಾಗ ಬೆಚ್ಚಗೆ ತಾಗುತ್ತದೆ; ಕೆಲವೊಮ್ಮೆ ಒಂದೇ ಹೊಳ್ಳೆಯಲ್ಲಿ ಉಸಿರು ಸರಾಗವಾಗಿ ಆಡುತ್ತಿರುತ್ತದೆ. ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ವಿಸುದ್ಧಿಮಗ್ಗವೆಂಬ ಧ್ಯಾನದ ಕೈಪಿಡಿಯಂಥ ಗ್ರಂಥವನ್ನು ರಚಿಸಿದ ಬೌದ್ಧ ಪಂಡಿತ ಬುದ್ಧಘೋಷ ಇದಕ್ಕೆ ಗರಗಸದ ಹೋಲಿಕೆ ಕೊಡುತ್ತಾನೆ: ಮರ ಕೊಯ್ಯುವವನ ಗಮನವು ಹಲ್ಲುಗಳು ಮರಕ್ಕೆ ತಾಗುವ ಕಡೆ ನೆಟ್ಟಿರುತ್ತದೆಯೇ ಹೊರತು, ಹೋಗಿ ಬರುವ ಹಲ್ಲುಗಳ ಹಿಂದೆ ಅಲೆಯುವುದಿಲ್ಲ. ಹಾಗೆಯೇ ಉಸಿರಿನ ಜೊತೆ ಎದೆಗೆ ಇಳಿಯಬೇಡಿ, ಹೊರಗೂ ಹೋಗಬೇಡಿ.

ಮನಸ್ಸು ನಿಲ್ಲದಿದ್ದರೆ ಉಸಿರನ್ನು ಎಣಿಸಬಹುದು. ಎಣಿಕೆಯನ್ನು ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಿಸಬಾರದು ಎಂದು ಅದೇ ಗ್ರಂಥ ಹೇಳುತ್ತದೆ. ಧ್ಯಾನಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ 10 ದಿನಗಳ ವಿಪಸ್ಸನ ಧ್ಯಾನ ಶಿಬಿರಗಳಲ್ಲಾದರೋ ಎಣಿಕೆಯೂ ಇಲ್ಲ, ಜಪವೂ ಇಲ್ಲ. ಮೊದಲ ಮೂರು ದಿನ ಸಹಜ ಉಸಿರನ್ನಷ್ಟೇ ಗಮನಿಸುತ್ತಾರೆ. ಯಾವುದಾದರೂ ಒಂದು ಕ್ರಮವನ್ನು ಹಿಡಿದುಕೊಳ್ಳಿ. ಮನಸ್ಸು ಅಡುಗೆಮನೆಗೋ ಕಚೇರಿಗೋ ಹೋದದ್ದು ತಿಳಿದಾಗ, ಬೇಸರಿಸಿಕೊಳ್ಳದೆ ಮುಂದಿನ ಉಸಿರಿಗೆ ಮರಳಿ. ಆರಂಭಕ್ಕೆ 15 ನಿಮಿಷ ಸಾಕು. ಉಸಿರನ್ನು ಗಮನಿಸುತ್ತಲೇ ಗಾಬರಿ ಹೆಚ್ಚುವವರು ಅಭ್ಯಾಸವನ್ನು ನಿಲ್ಲಿಸಿ, ಬಲ್ಲವರನ್ನು ಕಾಣುವುದು ಒಳ್ಳೆಯದು.

ಊಟಕ್ಕೂ ಉಸಿರಿಗೂ ಇರುವ ನಂಟನ್ನು ಸಂಯುತ್ತ ನಿಕಾಯವೆಂಬ ಇನ್ನೊಂದು ಪಾಲಿ ಸಂಗ್ರಹದ ಪ್ರಸಂಗವೊಂದು ತೋರಿಸುತ್ತದೆ. ಕೋಸಲದ ರಾಜ ಪಸೇನದಿ ಒಂದು ದೋಣ (ಆಗಿನ ದೊಡ್ಡ ಅಳತೆ) ಅಕ್ಕಿಯ ಅನ್ನವನ್ನು ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿ ಬಂದ. ಸದಾ ಎಚ್ಚರವಿದ್ದು, ಊಟದಲ್ಲಿ ಮಿತಿಯನ್ನು ಅರಿತವನ ಬಾಧೆಗಳು ಕಡಿಮೆಯಾಗುತ್ತವೆ ಎಂಬ ಅರ್ಥದ ಗಾಥೆಯನ್ನು ಬುದ್ಧ ಹೇಳಿದ. ರಾಜನ ಹಿಂದೆ ನಿಂತಿದ್ದ ಸುದಸ್ಸನನೆಂಬ ಯುವಕ ಅದನ್ನು ಕಲಿತು ಪ್ರತಿ ಊಟದ ವೇಳೆಗೂ ಹೇಳತೊಡಗಿದ. ರಾಜನ ಊಟ ಕ್ರಮೇಣ ದೋಣಕ್ಕಿಂತ ಬಹಳ ಚಿಕ್ಕ ಅಳತೆಯಾದ ಒಂದು ನಾಳಿಗೆ ಇಳಿಯಿತು. ಅವನು ಒಮ್ಮೆಲೇ ಉಪವಾಸ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು.

ದಿನದ ಒಂದು ಊಟವನ್ನು ಹೀಗೆ ಗಮನವಿಟ್ಟು ಉಣ್ಣುವುದಕ್ಕೆ ಮೀಸಲಿಡಿ. ಟೀವಿ, ಮೊಬೈಲು ದೂರವಿರಲಿ. ತಟ್ಟೆಯ ಮುಂದೆ ಮೂರು ಉಸಿರು ಸುಮ್ಮನೆ ಕುಳಿತು, ಬಳಿಕ ಸಾರನ್ನವನ್ನು ಕಲಸುವಾಗ ಬೆರಳಿಗೆ ತಾಗುವ ಬಿಸಿಯನ್ನು, ಬಾಯಲ್ಲಿ ಮೊದಲು ಹುಳಿಯೂ ಆಮೇಲೆ ಖಾರವೂ ಏಳುವುದನ್ನು ಗಮನಿಸಿ. ಒಂದು ತುತ್ತು ಗಂಟಲಿನಿಂದ ಇಳಿಯುವವರೆಗೆ ಇನ್ನೊಂದನ್ನು ಕಟ್ಟಬೇಡಿ. ಮುದ್ದೆಯನ್ನು ಜಗಿಯದೆ ನುಂಗುವುದರಿಂದ, ಅಲ್ಲಿ ಗಮನ ಗಂಟಲಿನಲ್ಲಿರಲಿ. ಇನ್ನಷ್ಟು ಬಡಿಸಿಕೊಳ್ಳಲು ಕೈ ಚಾಚುವ ಮುನ್ನ ಒಮ್ಮೆ ಉಸಿರನ್ನು ನೋಡಿ. ಅದು ಭಾರವಾಗಿದ್ದರೆ ಹೊಟ್ಟೆ ತುಂಬಿದೆ.

ಮಧ್ಯಾಹ್ನದ ನಂತರ ಉಣ್ಣದಿರುವುದು ಥೇರವಾದವೆಂಬ ಬೌದ್ಧ ಪಂಥದ ಭಿಕ್ಷುಗಳ ನಿಯಮ. ಗೃಹಸ್ಥರು ಇದನ್ನು ಉಪೋಸಥದ (ಹುಣ್ಣಿಮೆ, ಅಮಾವಾಸ್ಯೆಯಂಥ ವ್ರತದ) ದಿನಗಳಲ್ಲಿ ಪಾಲಿಸುವುದುಂಟು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರಾತ್ರಿಯ ಊಟವನ್ನು ಬಿಡಬಾರದು.