ರಾತ್ರಿ ಎಷ್ಟು ಸಲ ಎದ್ದೆ: ನನ್ನ ಲೆಕ್ಕದ ಪುಸ್ತಕ

ನಾನು ಉಡುಪಿ ಕಡೆಯವಳು. ಇಸ್ರೇಲಿನ ರಾಮತ್ ಗಾನ್‌ನಲ್ಲಿ ನಾಲ್ಕು ವರ್ಷ ಒಬ್ಬ ಅಜ್ಜಿಯನ್ನು ನೋಡಿಕೊಂಡೆ. ಊರಲ್ಲಿ "ಅವಳು ಇಸ್ರೇಲಿನಲ್ಲಿದ್ದಾಳೆ" ಅಂದರೆ ಮುಗಿಯಿತು, ಅಲ್ಲಿ ಏನು ಕೆಲಸ ಅಂತ ಯಾರೂ ಕೇಳುವುದಿಲ್ಲ.

ಅಲ್ಲಿಗೆ ಹೋದ ಮೊದಲ ವಾರವೇ ಎಡವಟ್ಟು ಮಾಡಿದೆ. ಅವರು ಯಹೂದಿಗಳು, ಅವರ ಧರ್ಮದಲ್ಲಿ ಹಾಲು, ಮಾಂಸ ಬೆರೆಸುವಂತಿಲ್ಲ; ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ್ದು ಬೇರೆ. ನಾನು ಹಾಲಿಗೆ ಹಾಕಿದ ಚಮಚವನ್ನೇ ಕೋಳಿ ಸಾರಿಗೆ ಹಾಕಿಬಿಟ್ಟೆ. ಅಜ್ಜಿ ಬೈಯಲಿಲ್ಲ, ಆದರೆ ಊಟ ಮಾಡಲಿಲ್ಲ. ಅದಕ್ಕಿಂತ ಬೈದಿದ್ದರೇ ವಾಸಿ. ಮಾರನೇ ದಿನ ಹಾಲಿನದಕ್ಕೆಲ್ಲ ನೀಲಿ ದಾರ ಕಟ್ಟಿದೆ.

ಅಜ್ಜಿ ಹುಟ್ಟಿದ್ದು ಬಾಗ್ದಾದಿನಲ್ಲಿ. ಅಲ್ಲಿಂದ ಬಂದ ಯಹೂದಿಗಳು 'ಅಂಬಾ' ಅಂತ ಒಂದು ಮಾವಿನಕಾಯಿ ಉಪ್ಪಿನಕಾಯಿ ತಿನ್ನುತ್ತಾರೆ, ಅರಿಶಿನ, ಮೆಂತೆ ಹಾಕಿದ್ದು. ಅದು ಮುಂಬಯಿಯಿಂದ ಬಂದದ್ದು ಎಂದು ಅಜ್ಜಿಯೇ ಹೇಳಿದರು. ಆಮೇಲೆ ನಮ್ಮಿಬ್ಬರಿಗೆ ಜಗಳ ಕಡಿಮೆ.

ಕೆಲಸ ಕಲಿತದ್ದು ಮೈಯಿಂದ. ಎತ್ತುವಾಗ ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಅಜ್ಜಿಯ ಬಲಗಡೆಗೆ ಶಕ್ತಿ ಜಾಸ್ತಿ, ಹಾಗಾಗಿ ಗಾಲಿಕುರ್ಚಿ ಯಾವಾಗಲೂ ಆ ಕಡೆಗೇ, ಬ್ರೇಕ್ ಹಾಕಿ. ಕ್ಷಿಪಣಿ ದಾಳಿಯ ಸೈರನ್ ಕೂಗಿದರೆ ನಮಗೆ ಇದ್ದದ್ದು ಒಂದೂವರೆ ನಿಮಿಷ. ಹಳೇ ಕಟ್ಟಡ, ಒಳಗೆ ರಕ್ಷಣೆಯ ಕೋಣೆ ಇರಲಿಲ್ಲ, ಮೆಟ್ಟಿಲ ಹತ್ತಿರ ಹೋಗಬೇಕು. ಸುಮ್ನೆ ಇದ್ದ ದಿನಗಳಲ್ಲೂ ನಾನು ಗಡಿಯಾರ ಹಿಡಿದು ಅಭ್ಯಾಸ ಮಾಡಿಸುತ್ತಿದ್ದೆ. ಅಜ್ಜಿಗೆ ಅದು ಆಟದ ಹಾಗೆ.

ಆದರೆ ಕಷ್ಟ ಇದ್ದದ್ದು ರಾತ್ರಿ. ಮಲಗಿದಲ್ಲೇ ಇದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಡುವೆ ನೀರು, ಬಾತ್‌ರೂಮ್, ಕೆಟ್ಟ ಕನಸು. ಒಂದು ದಿನ ಅವರ ಮಗ, "ರಾತ್ರಿ ನೀನೂ ನಿದ್ದೆ ಮಾಡುತ್ತೀಯಲ್ಲ" ಅಂದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ದಿನದಿಂದ ಬರೆಯಲು ಶುರು ಮಾಡಿದೆ, ಕನ್ನಡದಲ್ಲಿ. 11:40 ನೀರು. 1:15 ಮಗ್ಗುಲು. 3:00 ಬಾತ್‌ರೂಮ್. 4:50 ಅಮ್ಮನನ್ನು ಕರೆದರು.

ಮನೆಯಲ್ಲೇ ಇದ್ದು ಆರೈಕೆ ಮಾಡುವವರಿಗೆ ಅಲ್ಲಿ ಓವರ್‌ಟೈಮ್ ಕಾನೂನು ಅನ್ವಯಿಸುವುದಿಲ್ಲ. ಫಿಲಿಪೀನ್ಸಿನ ಒಬ್ಬ ಹೆಂಗಸು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 2009ರಲ್ಲಿ ಸೋತರು, ಮರುವಿಚಾರಣೆಯಾಗಿ 2013ರಲ್ಲೂ ಅದೇ ಆಯಿತು. ಹಾಗಾಗಿ ನಾನು ದುಡ್ಡು ಕೇಳಲಿಲ್ಲ, ನಿದ್ದೆ ಕೇಳಿದೆ. ಒಂದು ತಿಂಗಳ ಪುಟಗಳನ್ನು ಓದಿ ಹೇಳಿದೆ. ಮಗ ಮಾತಾಡಲಿಲ್ಲ. ಮುಂದಿನ ವಾರದಿಂದ ಮಧ್ಯಾಹ್ನ ಎರಡು ಗಂಟೆ ಹೊತ್ತು ಮೊಮ್ಮಗಳು ಬಂದು ಕೂರುತ್ತಿದ್ದಳು. ನಾನು ಬಾಗಿಲು ಹಾಕಿ ಮಲಗುತ್ತಿದ್ದೆ. ವಾರದ ರಜೆಯನ್ನೂ ಅದೇ ಪುಸ್ತಕದಲ್ಲಿ ಗುರುತು ಹಾಕಿದೆ. ಆ ದಿನ ಟೆಲ್ ಅವೀವಿನ ಯಾಫೋದಲ್ಲಿರುವ ಸಂತ ಅಂತೋನಿ ಚರ್ಚಿಗೆ ಹೋದರೆ ನಮ್ಮ ಊರಿನವರು ಸಿಗುತ್ತಿದ್ದರು. ಬೇಸರ ಹೇಳಿಕೊಳ್ಳಲು ಅದೊಂದೇ ಜಾಗ.

ಅಜ್ಜಿ ತೀರಿಕೊಂಡಾಗ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಮಾಲೀಕರು ಸತ್ತರೂ ವರ್ಷಕ್ಕೊಂದು ತಿಂಗಳ ಸಂಬಳ ಪರಿಹಾರ ಕೊಡಬೇಕು ಎಂದು ಚರ್ಚಿನಲ್ಲಿ ಕೇಳಿದ್ದೆ. ಪುಸ್ತಕ ಹಿಡಿದು ಹೋದೆ. ಸೇರಿದ ತಾರೀಕು ಮೊದಲ ಪುಟದಲ್ಲೇ ಇತ್ತು. ಮಗ ಲೆಕ್ಕ ಹಾಕಿ ನಾಲ್ಕು ತಿಂಗಳದ್ದು ಕೊಟ್ಟರು. ಪುಸ್ತಕ ನೋಡಬಹುದೇ ಎಂದು ಕೇಳಿದರು. ಅಕ್ಷರ ಓದಲು ಬರುವುದಿಲ್ಲ, ಆದರೂ ಪುಟ ತಿರುವುತ್ತಾ ಕೂತರು. ಕೊನೆಯ ಸಾಲಿಗೆ ಬೆರಳಿಟ್ಟು, ಇದೇನು ಅಂದರು.

"2:10, ನೀರು ಬೇಡ, ಕೈ ಹಿಡಿದುಕೋ ಅಂದರು," ಎಂದು ಓದಿದೆ.