ನೈಟ್ ಶಿಫ್ಟ್ ಮಾಡ್ತೀರಾ? ಮೊದಲು ಹಗಲು ನಿದ್ದೆಗೆ ಮರ್ಯಾದೆ ಕೊಡಿ

ನೈಟ್ ಶಿಫ್ಟ್‌ಗೆ ಸೇರಿದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: "ಸ್ವಲ್ಪ ದಿನ ಕಷ್ಟ, ಆಮೇಲೆ ರೂಢಿ ಆಗುತ್ತೆ." ಇದು ಅರ್ಧ ನಿಜ ಅಷ್ಟೇ. ಕೆಲಸ ರೂಢಿಯಾಗುತ್ತದೆ. ರಾತ್ರಿ ಎದ್ದಿರುವುದೂ ಒಂದು ಮಟ್ಟಿಗೆ ರೂಢಿಯಾಗುತ್ತದೆ. ಆದರೆ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಲ್ಲೂ ದೇಹದ ಒಳಗಿನ ಗಡಿಯಾರ ಪೂರ್ತಿ ಬದಲಾಗಿರುವುದು ತೀರಾ ಅಪರೂಪ. ಹಾಗಾಗಿ ದೇಹವನ್ನು ಸೋಲಿಸುತ್ತೇನೆ ಅಂತ ಹೊರಡಬೇಡಿ, ಅದರ ಜೊತೆ ರಾಜಿ ಮಾಡಿಕೊಳ್ಳಿ. ಆ ರಾಜಿ ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಣ ಗೊತ್ತಿರಲಿ. ಮೆದುಳಿನ ಬುಡದಲ್ಲಿ, ಕಣ್ಣಿನಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಒಂದು ಪುಟ್ಟ ನರಕೋಶಗಳ ಗುಂಪಿದೆ. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಯಾವಾಗ ಬಿಸಿ, ಯಾವಾಗ ತಂಪು ಅನ್ನುವುದಕ್ಕೆಲ್ಲ ತಾಳ ಹಾಕುವುದು ಅದೇ. ನಮ್ಮ ಜೀವಕೋಶಗಳ ಒಳಗೇ ಇಂಥ ಗಡಿಯಾರ ಹೇಗೆ ಓಡುತ್ತದೆ ಅಂತ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರಕ್ಕೆ ಮುಖ್ಯವಾಗಿ ಕೀ ಕೊಡುವುದು ಬೆಳಕು. ನೀವು ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಬಿಸಿಲಲ್ಲಿ ಮನೆಗೆ ಹೋಗ್ತೀರಿ ಅಲ್ವಾ, ಆಗ ಅದು "ಓ, ಬೆಳಗಾಯಿತು" ಅಂತ ಮತ್ತೆ ಹಗಲಿಗೇ ಸರಿಮಾಡಿಕೊಳ್ಳುತ್ತದೆ. ಪ್ರತಿದಿನ ಇದೇ ಕಥೆ.

ಅದಕ್ಕೇ ಹಗಲು ನಿದ್ದೆ ಬೇಗ ಮುರಿಯುತ್ತದೆ. ಎಷ್ಟೇ ಸುಸ್ತಾಗಿದ್ದರೂ ರಾತ್ರಿಯ ನಿದ್ದೆಗಿಂತ ಒಂದರಿಂದ ನಾಲ್ಕು ಗಂಟೆ ಕಡಿಮೆ ಆಗುವುದು ಸಾಮಾನ್ಯ. ನೀವು ಕಣ್ಣು ಮುಚ್ಚಿದಾಗ ಮೈಯ ಶಾಖ ಏರುತ್ತಿರುತ್ತದೆ, ದೇಹ ಏಳುವ ತಯಾರಿಯಲ್ಲಿರುತ್ತದೆ. ಇದರ ಮೇಲೆ ಬೀದಿಯ ಸದ್ದು, ಫೋನು, ಬಾಗಿಲ ಬೆಲ್ಲು.

ಈಗ ಮಾಡಬೇಕಾದ್ದು. ಶಿಫ್ಟ್ ಮುಗಿದ ಮೇಲೆ ಆದಷ್ಟು ಬೇಗ ಹಾಸಿಗೆ ಸೇರಿ. "ಹೇಗೂ ಬೆಳಿಗ್ಗೆ ಫ್ರೀ ಇದ್ದೀನಿ, ಬ್ಯಾಂಕ್ ಕೆಲಸ ಮುಗಿಸಿಕೊಂಡು ಮಲಗೋಣ" ಅನ್ನುವುದೇ ದೊಡ್ಡ ಬಲೆ. ಎರಡು ಗಂಟೆ ತಡವಾಗಿ ಮಲಗಿದರೆ ಎರಡು ಗಂಟೆ ತಡವಾಗಿ ಏಳ್ತೀರಿ ಅಂದುಕೊಳ್ಳಬೇಡಿ, ಮಧ್ಯಾಹ್ನ ಅದೇ ಹೊತ್ತಿಗೆ ಎಚ್ಚರ ಆಗಿಬಿಡುತ್ತದೆ, ಕಳೆದುಕೊಂಡದ್ದು ನಿದ್ದೆಯೇ. ಹೊರಗಿನ ಕೆಲಸಗಳನ್ನು ಎದ್ದ ಮೇಲೆ ಇಟ್ಟುಕೊಳ್ಳಿ. ಕೋಣೆ ಕತ್ತಲಾಗಿರಬೇಕು, ಮುಂದೆ ಚಾಚಿದ ಕೈ ಕಾಣಬಾರದು ಅಷ್ಟು ಕತ್ತಲು. ದಪ್ಪ ಪರದೆ ಇಲ್ಲವೇ? ಕಿಟಕಿಗೆ ಕಪ್ಪು ಕಾಗದವೋ ರಟ್ಟೋ ಅಂಟಿಸಿದರೂ ನಡೆಯುತ್ತದೆ, ನೋಡೋಕೆ ಚೆಂದ ಇರಲ್ಲ ಅಷ್ಟೇ. ಕಣ್ಣಿಗೆ ಪಟ್ಟಿ, ಕಿವಿಗೆ ಇಯರ್‌ಪ್ಲಗ್. ಫ್ಯಾನಿನ ಒಂದೇ ಸಮನೆಯ ಸದ್ದು ಹೊರಗಿನ ಹಾರ್ನುಗಳನ್ನು ಸ್ವಲ್ಪ ಮುಚ್ಚಿಹಾಕುತ್ತದೆ. ಕೋಣೆ ತಂಪಾಗಿರಲಿ.

ನನ್ನ ಕೇಳಿದರೆ ಇದೆಲ್ಲ ಸುಲಭದ ಭಾಗ. ಕಷ್ಟದ ಭಾಗ ಮನೆಯವರು. ಕೆಟ್ಟವರು ಅಂತಲ್ಲ, ಹಗಲಲ್ಲಿ ಮಲಗಿದವರು ಅವರ ಕಣ್ಣಿಗೆ ಸುಮ್ನೆ ಬಿದ್ದುಕೊಂಡವರ ಥರ ಕಾಣುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಸ್ವಲ್ಪ ತೆರೆಯುತ್ತದೆ, ಒಂದು ಗೆರೆ ಬೆಳಕು ಮುಖದ ಮೇಲೆ ಬೀಳುತ್ತದೆ, "ನಿದ್ದೆ ಬಂತಾ?" ಅಂತ ಪಿಸುಮಾತು. ಎಚ್ಚರ ಆಗಿದ್ದು ಆ ಪ್ರಶ್ನೆಯಿಂದಲೇ! ಆಮೇಲೆ "ಮನೇಲೇ ಇದ್ದೀಯಲ್ಲ, ಪಾರ್ಸೆಲ್ ಬಂದ್ರೆ ತಗೋ." "ತೊಂದರೆ ಮಾಡಬೇಡಿ" ಅಂತ ಮೊಗಮ್ಮಾಗಿ ಹೇಳಿದರೆ ಯಾರಿಗೂ ಅರ್ಥ ಆಗಲ್ಲ. ಸಮಯ ಹೇಳಿ. ಎಂಟರಿಂದ ಮೂರರವರೆಗೆ ನಾನು ಮನೆಯಲ್ಲಿಲ್ಲ ಅಂದುಕೊಳ್ಳಿ, ಹನ್ನೊಂದು ಗಂಟೆ ಅಂದರೆ ನನಗೆ ನಡುರಾತ್ರಿ ಎರಡು ಗಂಟೆ, ನಡುರಾತ್ರಿ ಎರಡಕ್ಕೆ ಯಾವ ವಿಷಯಕ್ಕೆ ನಿಮ್ಮನ್ನು ಎಬ್ಬಿಸಬಹುದೋ ಅದಕ್ಕೆ ಮಾತ್ರ ನನ್ನನ್ನೂ ಎಬ್ಬಿಸಿ, ಅಂತ ನೇರವಾಗಿ ಹೇಳಿ. ಇದನ್ನೇ ಬಾಗಿಲ ಮೇಲೂ ಬರೆದು ಅಂಟಿಸಿ. ಫೋನ್ ಸೈಲೆಂಟ್‌ನಲ್ಲಿಟ್ಟು ಒಂದೋ ಎರಡೋ ನಂಬರ್‌ಗೆ ಮಾತ್ರ ಅನುಮತಿ ಕೊಡಿ. ಮೊದಮೊದಲು ಮುನಿಸು ಇರುತ್ತದೆ. ಆದರೆ ನೀವೇ ನಿಮ್ಮ ನಿದ್ದೆಯನ್ನು ಯಾವಾಗ ಬೇಕಾದರೂ ಮುರಿಯಬಹುದಾದ ನಿದ್ದೆ ಅಂತ ನಡೆಸಿಕೊಂಡರೆ ಬೇರೆಯವರು ಯಾಕೆ ಬೇರೆ ಥರ ನೋಡುತ್ತಾರೆ?

ಚಿಕ್ಕ ಮಕ್ಕಳಿದ್ದು ಒಂದೇ ಉಸಿರಿಗೆ ಏಳು ಗಂಟೆ ಸಿಗಲ್ಲ ಅಂದರೆ ಎರಡು ತುಂಡು ಮಾಡಿ. ಬೆಳಿಗ್ಗೆ ನಾಲ್ಕೈದು ಗಂಟೆ, ಮತ್ತೆ ಸಂಜೆ ಕೆಲಸಕ್ಕೆ ಹೊರಡುವ ಮುಂಚೆ ಒಂದೂವರೆ ಗಂಟೆ. ಸಂಜೆಯ ಆ ತುಂಡು ರಾತ್ರಿ ತುಂಬಾ ಕೈಹಿಡಿಯುತ್ತದೆ, ಬಿಡಬೇಡಿ.

ಈಗ ರಾತ್ರಿಯ ಕೆಲಸದ ಹೊತ್ತು. ಹನ್ನೆರಡರವರೆಗೆ ಏನೂ ಅನ್ನಿಸಲ್ಲ. ಮೂರು ದಾಟಿದ ಮೇಲೆ ಶುರುವಾಗುತ್ತದೆ. ಅದೇ ಕೋಣೆ, ಅದೇ ಏಸಿ, ಆದರೂ ಚಳಿ ಅನ್ನಿಸಿ ಜಾಕೆಟ್ ಎಳೆದುಕೊಳ್ಳುತ್ತೀರಿ. ಒಂದೇ ಸಾಲನ್ನು ಮೂರು ಸಲ ಓದುತ್ತೀರಿ. ಕೈ ತಾನಾಗಿ ಸಿಹಿ ಹುಡುಕುತ್ತದೆ. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ಮೈಯ ಶಾಖ ಇಡೀ ದಿನದಲ್ಲೇ ಅತಿ ಕೆಳಗೆ ಇಳಿದಿರುತ್ತದೆ, ಎಚ್ಚರವೂ ಅದರ ಜೊತೆ ಇಳಿಯುತ್ತದೆ. ಹಾಗಾಗಿ ಲೆಕ್ಕದ ಕೆಲಸ, ಅಪಾಯದ ಕೆಲಸ, ಒಂದು ಸೊನ್ನೆ ತಪ್ಪಿದರೆ ಮುಗೀತು ಅನ್ನುವಂಥದ್ದನ್ನು ಆದಷ್ಟು ಎರಡರೊಳಗೆ ಮುಗಿಸಿ. ಆಗದಿದ್ದರೆ ಇನ್ನೊಬ್ಬರ ಕಣ್ಣು ಹಾಯಿಸಿ.

ಬಿಡುವು ಸಿಕ್ಕರೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಅಲಾರಂ ಇಟ್ಟುಕೊಂಡು. ಅದಕ್ಕಿಂತ ಜಾಸ್ತಿ ಹೋದರೆ ಗಾಢ ನಿದ್ದೆಗೆ ಇಳಿದು, ಎದ್ದ ಮೇಲೆ ಅರ್ಧ ಗಂಟೆ ತಲೆ ಮಂಕಾಗಿರುತ್ತದೆ. ಎದ್ದ ಕೂಡಲೇ ಮುಖ್ಯ ತೀರ್ಮಾನ ಬೇಡ. ಮಲಗುವ ಮುಂಚೆ ಒಂದು ಕಾಫಿ ಕುಡಿದರೆ ಇನ್ನೂ ಒಳ್ಳೆಯದು. ಕೆಫೀನ್ ಕೆಲಸ ಶುರುಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಏಳುವ ಹೊತ್ತಿಗೆ ಸರಿಯಾಗಿ ಅದು ಹತ್ತುತ್ತದೆ. ಆದರೆ ಒಂದು ಷರತ್ತು. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದಾರು ಗಂಟೆಯ ಮೇಲೂ ರಕ್ತದಲ್ಲಿ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಲಗುವವರು ಎರಡರ ಮೇಲೆ ಕಾಫಿ, ಟೀ, ಎನರ್ಜಿ ಡ್ರಿಂಕ್ ಬಿಟ್ಟರೆ ಒಳ್ಳೆಯದು. ನಾಲ್ಕಕ್ಕೆ ಕುಡಿದ ಕಾಫಿಯ ಬೆಲೆಯನ್ನು ಕಟ್ಟುವುದು ಹಗಲು ನಿದ್ದೆ.

ಬೆಳಕಿನ ವಿಷಯ ಚುಟುಕಾಗಿ. ಶಿಫ್ಟ್‌ನ ಮೊದಲರ್ಧ ಜೋರು ಬೆಳಕಿನಲ್ಲಿರಿ, ಕೊನೆಯ ಒಂದೆರಡು ಗಂಟೆ ಸಾಧ್ಯವಾದರೆ ಮಂದ ಬೆಳಕು. ಮನೆಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಬಿಸಿಲಿನ ಏಟು ಕಡಿಮೆ. ಇದು ಬಸ್ಸಲ್ಲೋ ಕ್ಯಾಬಲ್ಲೋ ಹೋಗುವವರಿಗೆ ಹೇಳಿದ ಮಾತು.

ಸ್ವಂತ ಗಾಡಿ ಓಡಿಸುವವರು ಗಮನವಿಟ್ಟು ಓದಿ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸತತ 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ ಅದು ಸುಮಾರು ಶೇ 0.1ರ ಮಟ್ಟ. ಮೊದಲ ನೈಟ್ ಶಿಫ್ಟ್ ದಿನ ಬೆಳಿಗ್ಗೆ ಏಳಕ್ಕೆ ಎದ್ದು, ಮಧ್ಯಾಹ್ನ ಮಲಗದೆ ಕೆಲಸಕ್ಕೆ ಹೋಗಿ, ಮರುದಿನ ಏಳಕ್ಕೆ ಗಾಡಿ ಸ್ಟಾರ್ಟ್ ಮಾಡುವವರ ಲೆಕ್ಕ ನೀವೇ ಹಾಕಿ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಇವೆಲ್ಲ ನಿದ್ದೆ ತಡೆಯಲ್ಲ. ಹೊರಡುವ ಮುಂಚೆ ಅಲ್ಲೇ ಇಪ್ಪತ್ತು ನಿಮಿಷ ಮಲಗಿ. ದಾರಿಯಲ್ಲಿ ಕಳೆದ ಒಂದೆರಡು ನಿಮಿಷ ಹೇಗೆ ಬಂದೆ ಅನ್ನುವುದೇ ನೆನಪಿಲ್ಲ ಅಂದರೆ ಗಾಡಿ ಬದಿಗೆ ಹಾಕಿ, ಆಗಲೇ.

ಊಟ. ರಾತ್ರಿ ಹೊತ್ತು ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಹಗಲಲ್ಲಿ ತಿಂದ ಅದೇ ತಟ್ಟೆಯನ್ನು ನಡುರಾತ್ರಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. 2021ರಲ್ಲಿ ಬಂದ ಒಂದು ಪುಟ್ಟ ಪ್ರಯೋಗದಲ್ಲಿ ನೈಟ್ ಶಿಫ್ಟ್‌ನಂಥದ್ದೇ ದಿನಚರಿ ಮಾಡಿಸಿ, ಒಂದು ಗುಂಪಿಗೆ ರಾತ್ರಿಯೂ ಊಟ ಕೊಟ್ಟರು, ಇನ್ನೊಂದಕ್ಕೆ ಹಗಲಲ್ಲಿ ಮಾತ್ರ. ರಾತ್ರಿ ಉಂಡವರ ಸಕ್ಕರೆ ಏರಿತು, ಹಗಲಲ್ಲಿ ಮಾತ್ರ ಉಂಡವರಲ್ಲಿ ಹಾಗಾಗಲಿಲ್ಲ. ಹಾಗಂತ ರಾತ್ರಿಯೆಲ್ಲ ಉಪವಾಸ ಇರಿ ಅಂತ ನಾನು ಹೇಳಲ್ಲ, ಭಾರ ಎತ್ತುವ ಕೆಲಸ ಮಾಡುವವರಿಗೆ ಅದು ಆಗುವ ಮಾತೂ ಅಲ್ಲ. ದೊಡ್ಡ ಊಟ ಶಿಫ್ಟ್‌ಗೆ ಮುಂಚೆ ಆಗಲಿ. ನಡುವೆ ಹಸಿವಾದರೆ ಚಿಕ್ಕದಾಗಿ ತಿನ್ನಿ: ಮೊಟ್ಟೆ, ಮೊಸರು, ಕಾಳು, ಹಣ್ಣು, ಇಂಥವು. ಕರಿದದ್ದು, ಖಾರದ್ದು ಎರಡು ಗಂಟೆಗೆ ಒಳಗೆ ಹೋದರೆ ಐದಕ್ಕೆ ಹುಳಿತೇಗಾಗಿ ಹಿಂತಿರುಗುತ್ತದೆ. ಮನೆಯಿಂದ ಡಬ್ಬಿ ತಂದರೆ ಗೆದ್ದಿರಿ, ಯಾಕೆಂದರೆ ಆ ಹೊತ್ತಲ್ಲಿ ಹೊರಗೆ ಸಿಗುವುದು ಬಹುತೇಕ ಬಿಸ್ಕತ್ತು, ಚಿಪ್ಸು. ಬೆಳಿಗ್ಗೆ ಮಲಗುವ ಮುಂಚೆ ಹಗುರವಾಗಿ ಏನಾದರೂ ತಿನ್ನಿ, ಇಲ್ಲದಿದ್ದರೆ ಹನ್ನೊಂದಕ್ಕೆ ಹಸಿವೇ ಎಬ್ಬಿಸುತ್ತದೆ. ನೀರು ರಾತ್ರಿಯಿಡೀ ಕುಡಿಯಿರಿ, ಕೊನೆಯ ಒಂದು ಗಂಟೆ ಕಡಿಮೆ ಮಾಡಿ. ನಿದ್ದೆ ಬರಲಿ ಅಂತ ಬೆಳಿಗ್ಗೆ ಪೆಗ್ ಹಾಕುವವರಿದ್ದಾರೆ. ನಿದ್ದೆ ಬೇಗ ಬರುತ್ತದೆ ನಿಜ, ಆದರೆ ನಡುವೆ ಮುರಿದು ಮುರಿದು ಹೋಗುತ್ತದೆ.

ರಜೆಯ ದಿನ ಬಂತು ಅಂದರೆ ಹೆಚ್ಚಿನವರು ಪೂರ್ತಿ ಹಗಲಿನವರಾಗಿಬಿಡುತ್ತಾರೆ, ಮತ್ತೆ ಎರಡು ದಿನಕ್ಕೆ ರಾತ್ರಿಯವರಾಗುತ್ತಾರೆ. ಪ್ರತಿ ವಾರ ಹೀಗೆ ತಿರುಗುವುದು ಸುಸ್ತು. ಕಾಯಂ ರಾತ್ರಿ ಪಾಳಿ ಇರುವವರು ದಿನಾ ಒಂದೇ ಹೊತ್ತಿಗೆ ಬರುವ ನಾಲ್ಕು ಗಂಟೆಯ ನಿದ್ದೆಯನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲಸದ ದಿನ ಬೆಳಿಗ್ಗೆ ಎಂಟರಿಂದ ಮೂರು ಮಲಗುತ್ತೀರಿ ಅಂದುಕೊಳ್ಳೋಣ. ರಜೆಯ ದಿನ ಬೆಳಗಿನ ಜಾವ ನಾಲ್ಕರಿಂದ ಹನ್ನೆರಡು ಮಲಗಿ. ಎಂಟರಿಂದ ಹನ್ನೆರಡು ಎರಡೂ ದಿನ ಸಮಾನ. ಮಧ್ಯಾಹ್ನ, ಸಂಜೆ, ರಾತ್ರಿ ಊಟ ಎಲ್ಲ ಮನೆಯವರ ಜೊತೆ ಸಿಗುತ್ತದೆ. ಗಂಡ-ಹೆಂಡತಿ ಬೇರೆ ಬೇರೆ ಪಾಳಿಯಲ್ಲಿದ್ದರೆ ದಿನಕ್ಕೆ ಒಂದು ಊಟವನ್ನಾದರೂ ಒಟ್ಟಿಗೆ ಅಂತ ಗೊತ್ತುಮಾಡಿಕೊಳ್ಳಿ, ಹದಿನೈದು ನಿಮಿಷ ಆದರೂ ಸರಿ. ಗೊತ್ತುಮಾಡಿಕೊಳ್ಳದಿದ್ದರೆ ಮಾತೆಲ್ಲ ಮೆಸೇಜಲ್ಲೇ ಮುಗಿದುಹೋಗುತ್ತದೆ.

ಪಾಳಿ ಬದಲಾಗುತ್ತಾ ಇರುವವರು ಪಟ್ಟಿ ಹಾಕುವವರ ಹತ್ತಿರ ಎರಡು ವಿಷಯ ಕೇಳಿ. ಒಂದು, ಬದಲಾವಣೆ ಮುಂದಕ್ಕೆ ಹೋಗಲಿ: ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ. ತಡವಾಗಿ ಮಲಗುವುದು ದೇಹಕ್ಕೆ ಬೇಗ ಮಲಗುವುದಕ್ಕಿಂತ ಸುಲಭ. ಇನ್ನೊಂದು, ಎರಡು ಶಿಫ್ಟ್ ನಡುವೆ 11 ಗಂಟೆಯಾದರೂ ಅಂತರ ಇರಲಿ.

ಆರೋಗ್ಯದ ಮಾತು ಬಂದಾಗ ಹೆದರಿಸುವ ಸುದ್ದಿ ಜಾಸ್ತಿ ಓಡಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು "ಕ್ಯಾನ್ಸರ್ ತರುವ ಸಂಭವವಿದೆ" ಅನ್ನುವ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಆ ಗುಂಪು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತದೆಯೇ ಹೊರತು ನಿಮಗೆ ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ದಿನದಿನದ ಲೆಕ್ಕದಲ್ಲಿ ಕಣ್ಣಿಡಬೇಕಾದ್ದು ಬಿಪಿ, ಸಕ್ಕರೆ, ತೂಕ, ಮನಸ್ಸಿನ ಸ್ಥಿತಿ. ಸಕ್ಕರೆ ಕಾಯಿಲೆ, ಮೂರ್ಛೆ ರೋಗ ಇರುವವರು ಮಾತ್ರೆಯ ಸಮಯವನ್ನು ತಾವೇ ಹಿಂದೆ ಮುಂದೆ ಮಾಡಬೇಡಿ, ಡಾಕ್ಟರನ್ನು ಕೇಳಿ. ಮೂರು ತಿಂಗಳಾದರೂ ಹಗಲು ನಿದ್ದೆ ಹತ್ತುತ್ತಿಲ್ಲ, ಕೆಲಸದಲ್ಲಿ ತೂಕಡಿಕೆ ನಿಲ್ಲುತ್ತಿಲ್ಲ ಅಂದರೆ ಅದು ಚಿಕಿತ್ಸೆ ಇರುವ ತೊಂದರೆ, ಸಹಿಸಿಕೊಂಡು ಕೂರಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಎರಡು ವಾರದ್ದು ಮಲಗಿದ-ಎದ್ದ ಸಮಯ ಬರೆದುಕೊಂಡು ಹೋಗಿ. ನೈಟ್ ಶಿಫ್ಟ್‌ನಲ್ಲಿದ್ದೇನೆ ಅಂತ ಮೊದಲೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ರಕ್ತ ಪರೀಕ್ಷೆಗೆ ಹೋದಾಗಲೂ ಹೇಳಿ, ಕೊನೆಯ ಸಲ ಯಾವಾಗ ಮಲಗಿದ್ದಿರಿ ಅನ್ನುವುದನ್ನೂ ಸೇರಿಸಿ. ಕಾರ್ಟಿಸೋಲ್‌ನಂಥ ಹಾರ್ಮೋನು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಬೆಳಿಗ್ಗೆ ಎಂಟಕ್ಕೆ ಕೊಟ್ಟ ರಕ್ತ ಅಂದರೆ ಆಗತಾನೇ ಎದ್ದವರದ್ದು ಅಂತಲೇ ಅವರು ಅಂದುಕೊಂಡಿರುತ್ತಾರೆ.