ನೇಟ್ರಾನ್ ಕೆರೆಯಲ್ಲಿ ಫ್ಲೆಮಿಂಗೊ ಫೋಟೊ ತೆಗೆಯುವವರಿಗೆ

ತಾಂಜಾನಿಯಾದ ನೇಟ್ರಾನ್ ಕೆರೆಗೆ ಫ್ಲೆಮಿಂಗೊ ನೋಡಲು ಹೋಗುವವರು ಬೆಳಕು ಹರಿಯುವ ಹೊತ್ತಿಗೇ ದಡದಲ್ಲಿರಿ. ಬಿಸಿಲೇರಿದ ಮೇಲೆ ಎಂಥ ದುಬಾರಿ ಜೂಮ್ ಲೆನ್ಸ್ ಇದ್ದರೂ ಅಷ್ಟಕ್ಕಷ್ಟೇ. ದಡದ ಸುತ್ತ ಬಟಾಬಯಲು, ಉಪ್ಪುಗಟ್ಟಿದ ಕೆಸರು. ಬಿಸಿಲಿಗೆ ನೆಲ ಕಾದಾಗ ಅದರ ಮೇಲಿನ ಗಾಳಿಯೂ ಕಾದು ಅಲುಗಾಡುತ್ತದೆ, ಬೆಳಕು ವಕ್ರವಾಗುತ್ತದೆ, ದೂರದ ಹಕ್ಕಿ ನೀರಲ್ಲಿ ಕದಡಿದಂತೆ ಕಾಣುತ್ತದೆ. ಇದು ಫೋಕಸ್ ದೋಷ ಅಲ್ಲ, ಸುಮ್ನೆ ಕ್ಯಾಮೆರಾ ಸೆಟ್ಟಿಂಗ್ ಬದಲಿಸುತ್ತಾ ಕೂರಬೇಡಿ. ಮುಂಜಾನೆ ನೆಲ, ಗಾಳಿ ಎರಡೂ ಹೆಚ್ಚುಕಮ್ಮಿ ಒಂದೇ ತಂಪಿನಲ್ಲಿರುವುದರಿಂದ ಈ ಕಾಟ ಕಡಿಮೆ. ಇನ್ನೊಂದು ವಿಷಯ, ಜೀಪಿನ ಬಾನೆಟ್ ಮೇಲಿಂದ ಕ್ಲಿಕ್ ಮಾಡಬೇಡಿ, ಎಂಜಿನ್ ಬಿಸಿಯೂ ಇದೇ ಕೆಲಸ ಮಾಡುತ್ತದೆ. ಹಕ್ಕಿಗಳು ಸಿಹಿನೀರು ಕುಡಿಯಲು, ಮೈ ತೊಳೆಯಲು ತೊರೆಗಳು ಕೆರೆ ಸೇರುವ ಕಡೆಗೆ ಬರುತ್ತವೆ. ಅಲ್ಲಿ ಕಾದರೆ ಮಧ್ಯೆ ಗಾಳಿಯ ದೂರವೂ ಕಡಿಮೆ, ಅಲ್ವಾ? ಆದರೆ ಹಕ್ಕಿಗಳು ಕೆರೆಯ ನಡುವೆ ದೂರದಲ್ಲಿದ್ದರೆ, ಇಲ್ಲವೇ ಗಾಳಿ ಬೀಸಿ ಧೂಳು ಎದ್ದರೆ, ಮುಂಜಾನೆಯೂ ಕೈಕೊಡುತ್ತದೆ. ಆಗ ಬೈನಾಕ್ಯುಲರ್‌ನಲ್ಲಿ ನೋಡಿ ಖುಷಿಪಡಿ. ಹತ್ತಿರ ಹೋಗೋಣ ಅಂತ ಉಪ್ಪಿನ ಪದರದ ಮೇಲೆ ಮಾತ್ರ ಕಾಲಿಡಬೇಡಿ. ಅದು ಕುಸಿದರೆ ಕೆಳಗೆ ಕ್ಷಾರದ ಕೆಸರು, ಗೂಡು ಕಟ್ಟಿದ ಹಕ್ಕಿಗಳಿಗೂ ಗಾಬರಿ.